ಇನ್ನೂರ ಹತ್ತು ಅಡಿ

ನಮ್ಮದು ಹಗ್ಗ ಹೊಸೆಯುವ ಮನೆ. ಎಂಟಡಿ ಅಗಲ, ಇನ್ನೂರ ಹತ್ತು ಅಡಿ ಉದ್ದದ ಜಾಗ. ಈ ತುದಿಯಲ್ಲಿ ನಾನು ಚಕ್ರ ತಿರುಗಿಸುತ್ತೇನೆ. ಅತ್ತೆ ಸೊಂಟಕ್ಕೆ ನಾರು ಸುತ್ತಿಕೊಂಡು, ಎಳೆ ಬಿಡುತ್ತಾ, ಆ ತುದಿಯವರೆಗೆ ಹಿಂದೆ ಹಿಂದೆ ನಡೆಯುತ್ತಾರೆ. ಮದುವೆಯಾದ ಹೊಸದರಲ್ಲಿ ಅದನ್ನು ನೋಡಿ ನಗು ತಡೆಯಲಾಗದೆ ನಕ್ಕುಬಿಟ್ಟಿದ್ದೆ. "ಹೀಗೆ ನಡೆದೇ ನಿನ್ನ ಗಂಡನ್ನ ಓದಿಸಿದ್ದು" ಎಂದು ಅತ್ತೆ ಬಾಯಿ ಮುಚ್ಚಿಸಿದ್ದರು.

ಹೊಸ ರಸ್ತೆ ಈ ಜಾಗದ ನಟ್ಟನಡುವೆ ಹಾದುಹೋಗುತ್ತದೆಂದು ನೋಟಿಸು ಬಂತು. ಬೇಕಾದದ್ದು ಇಪ್ಪತ್ತು ಅಡಿ, ಪರಿಹಾರವೂ ಆ ಇಪ್ಪತ್ತಕ್ಕೇ. ಸಾಲದ್ದಕ್ಕೆ, 'ಇಕ್ಕಟ್ಟಾದ ಜಾಗ, ಮನೆ ಕಟ್ಟಲು ಬಾರದು' ಎಂದು ದರದಲ್ಲೂ ಕತ್ತರಿ ಹಾಕಿದ್ದರು. ನನಗೆ ಮೈಯೆಲ್ಲ ಉರಿಯಿತು. ಇಲ್ಲಿ ಮನೆ ಕಟ್ಟುತ್ತೇವೆಂದು ಇವರಿಗೆ ಹೇಳಿದವರು ಯಾರು?

ವಿಚಾರಣೆಯ ದಿನ ಅತ್ತೆ ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಹೊರಟರು. ವಿಚಾರಣೆ ನಡೆಯಲಿದ್ದ ಒಂಬತ್ತು ಮಹಡಿಯ ಕಚೇರಿ ಕಟ್ಟಡಕ್ಕೆ ಬಣ್ಣ ಹೊಡೆಸುತ್ತಿದ್ದ ಮೇಸ್ತ್ರಿಗೆ ಕೊಡಬೇಕಾದ ಹಗ್ಗ. ನಾವಿಬ್ಬರೂ ನಾಲ್ಕು ದಿನ ಬೆವರು ಸುರಿಸಿ ಹೊಸೆದದ್ದು. ಮೇಸ್ತ್ರಿ ಬಾಗಿಲಲ್ಲೇ ಕೈ ಚಾಚಿದ. ಅತ್ತೆ ಕೊಡದೆ ಮೆಟ್ಟಿಲು ಹತ್ತಿದರು.

ಮೂರನೇ ಮಹಡಿಯ ಕೋಣೆಯಲ್ಲಿ ಬೆಲೆ ಕಟ್ಟುವ ಅಧಿಕಾರಿ ನಕ್ಷೆಯ ಮೇಲೆ ಪೆನ್ಸಿಲಿಟ್ಟರು. "ನೋಡಿ ಅಮ್ಮ, ಆ ಕಡೆ ತೊಂಬತ್ತೈದು, ಈ ಕಡೆ ತೊಂಬತ್ತೈದು. ಮಿಕ್ಕಿದ್ದೆಲ್ಲ ನಿಮ್ಮ ಹತ್ರಾನೇ ಇರುತ್ತಲ್ಲ."

ಅತ್ತೆ ಸುರುಳಿಯನ್ನು ಮೇಜಿನ ಮೇಲಿಟ್ಟು ಸೊಂಟದಿಂದ ಚಾಕು ತೆಗೆದರು. ಗುಮಾಸ್ತ ಕುರ್ಚಿಸಮೇತ ಹಿಂದೆ ಸರಿದ. ಅತ್ತೆ ಹಗ್ಗದ ನಡುಭಾಗ ಹುಡುಕಿ, ಒಂದು ಮಾರುದ್ದ ಕೊಯ್ದು ತೆಗೆದರು. ನನ್ನ ನಾಲ್ಕು ದಿನದ ದುಡಿಮೆ ಕಣ್ಣೆದುರೇ ತುಂಡಾಯಿತು.

"ನಾನು ತಗೊಂಡಿದ್ದು ಇಷ್ಟೇ. ಮಿಕ್ಕಿದ್ದೆಲ್ಲ ಇಲ್ಲೇ ಇದೆ. ಇದಕ್ಕೆ ಪೂರ್ತಿ ಹಗ್ಗದ ಬೆಲೆ ಕೊಡ್ತೀರಾ?"

"ಗಂಟು ಹಾಕಿದ್ರಾಯ್ತಲ್ಲ" ಎಂದರು ಅಧಿಕಾರಿ.

ಅತ್ತೆ ಕಿಟಕಿ ತೋರಿಸಿದರು. ಹೊರಗೆ ಬಣ್ಣದವನೊಬ್ಬ ಹಗ್ಗದಲ್ಲಿ ಜೋತುಕೊಂಡು, ಗೋಡೆಗೆ ಕಾಲು ಕೊಟ್ಟು ಬ್ರಷ್ ಅದ್ದುತ್ತಿದ್ದ. "ಗಂಟು ಹಾಕಿದ ಹಗ್ಗ ಕೊಟ್ರೆ ಇಳೀತೀಯಾ ಅಂತ ಅವನನ್ನೇ ಕೇಳಿ."

ಅಧಿಕಾರಿ ಮತ್ತೆ ನಕ್ಷೆಯತ್ತ ಬಾಗಿದರು. ಅತ್ತೆ ಬಿಡಲಿಲ್ಲ.

"ಹೊಸೆಯೋವಾಗ ಎಳೆ ಮೂರರಲ್ಲಿ ಒಂದು ಪಾಲು ಕುಗ್ಗುತ್ತೆ ಸ್ವಾಮಿ. ತೊಂಬತ್ತೈದು ಅಡಿ ಜಾಗದಲ್ಲಿ ಹೊಸೆದ ಹಗ್ಗ ಮಾಳಿಗೆಯಿಂದ ನಿಮ್ಮ ಕಿಟಕಿ ತನಕ ಬರುತ್ತೆ, ಅಷ್ಟೇ. ಕೆಳಗಿನ ಗೋಡೆಗೆ ಯಾರು ಬಣ್ಣ ಬಳೀತಾರೆ? ತಗೊಳ್ಳೋದಾದ್ರೆ ಪೂರ್ತಿ ತಗೊಳ್ಳಿ, ಇಷ್ಟೇ ಉದ್ದದ ಜಾಗ ಬೇರೆ ಕಡೆ ಸಿಗೋ ಬೆಲೆ ಕೊಡಿ."

"ನಿಯಮದ ಪ್ರಕಾರ..."

"ಹಾಗಾದ್ರೆ ಒಪ್ಪಿಗೆ ಇಲ್ಲ ಅಂತ ಬರ್ಕೊಳ್ಳಿ." ಅತ್ತೆ ಒಪ್ಪಿಗೆ ಪತ್ರವನ್ನು ಒಂದೇ ಬೆರಳಿಂದ ಆಚೆ ತಳ್ಳಿದರು.

ಅಧಿಕಾರಿ ತುಂಡಾದ ಹಗ್ಗದ ಎರಡು ತುದಿಗಳನ್ನು ಜೋಡಿಸಿ ನೋಡಿದರು. ಕೊನೆಗೆ, ನಾಳೆ ತಾವೇ ಬಂದು ಇಡೀ ಜಾಗ ಅಳೆಯುವುದಾಗಿ ಹೇಳಿದರು.

"ಬನ್ನಿ. ಟೇಪ್ ಬೇಡ. ಇವಳು ಚಕ್ರ ತಿರುಗಿಸ್ತಾಳೆ, ನೀವು ನಾರು ಸುತ್ಕೊಂಡು ಹಿಂದೆ ನಡೀರಿ. ತಿರುಗಿ ನೋಡೋ ಹಾಗಿಲ್ಲ, ಎಳೆ ಹರಿಯುತ್ತೆ. ನಡುವೆ ರಸ್ತೆ ಬರುತ್ತೆ, ರಸ್ತೆ ಮೇಲೆ ಲಾರಿ ಬರುತ್ತೆ. ಅದಕ್ಕೂ ಒಂದು ದರ ಹಾಕಿ."

ಕೆಳಗೆ ಮೇಸ್ತ್ರಿ ಇನ್ನೂ ಕಾಯುತ್ತಿದ್ದ. ನಾನು ಸಿಟ್ಟಿನಲ್ಲಿ ಮುಖ ಊದಿಸಿಕೊಂಡೇ ನಿಂತಿದ್ದೆ. ಆದರೆ ಅವನು ಹಗ್ಗವೆಲ್ಲಿ ಎಂದಾಗ, ಅತ್ತೆಗಿಂತ ಮೊದಲು ಬಾಯಿ ಬಿಟ್ಟವಳು ನಾನೇ.

"ನಾಲ್ಕು ದಿನ ತಾಳಣ್ಣ. ಜಾಗ ಇನ್ನೂ ನಮ್ಮದೇ."