ಇಯರ್ ಸಿಕ್ಸ್, ಇಯರ್ ಸೆವೆನ್

"ಎರಡು ಮಕ್ಕಳನ್ನೂ ಒಂದೇ ಬೆಂಚಲ್ಲಿ ಕೂರಿಸಿ ಓದಿಸ್ತೀನಿ, ಬೇರೆ ಮಾಡಲ್ಲ" ಎಂದು ಏಳು ವರ್ಷದ ಹಿಂದೆ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ವರಲಕ್ಷ್ಮಿಗೆ ಹೇಳಿದೆ. ಗೌರಿಬಿದನೂರು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದಳು. ಹತ್ತುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಕಂಡಕ್ಟರು "ಏನಮ್ಮಾ, ಬರ್ತೀಯೋ ಇಲ್ವೋ" ಅಂತ ಕೂಗುತ್ತಿದ್ದ. ನಾನು ಆ ಮಾತು ಹೇಳಿದ ಮೇಲೆ ಹತ್ತಿದಳು.

ವರಲಕ್ಷ್ಮಿ ನನ್ನ ವಾರಗಿತ್ತಿ. ನನ್ನ ಮೈದುನ ಮುನೇಶ ಚಿಂತಾಮಣಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡಾಗ ಅವಳ ಮಗಳು ಧನುಶ್ರೀಗೆ ಎರಡು ತುಂಬಿರಲಿಲ್ಲ. ಆಮೇಲೆ ಅವಳ ತವರಿನವರು ಗೌರಿಬಿದನೂರಿನಲ್ಲಿ ಇನ್ನೊಂದು ಸಂಬಂಧ ನೋಡಿದರು. ಗಂಡಿನ ಕಡೆಯವರು ಮಗು ಬೇಡ ಅಂದರು. ನಮ್ಮ ಮಾವ ಪಿಳ್ಳಪ್ಪನವರು ಮಗು ಕೊಡಲ್ಲ ಅಂದರು. ಎರಡೂ ಮಾತು ಒಂದೇ ಕಡೆ ಬಂದು ನಿಂತವು. ನಾನೂ ನನ್ನ ಗಂಡನೂ ಚಿಕ್ಕಬಳ್ಳಾಪುರದ ಕೋರ್ಟಿಗೆ ಅಲೆದು ಧನುವನ್ನು ದತ್ತು ತೆಗೆದುಕೊಂಡೆವು. ನಮಗೆ ಆಗಲೇ ಮೌನಿಕಾ ಇದ್ದಳು, ಧನುವಿಗಿಂತ ಒಂದು ವರ್ಷಕ್ಕೆ ದೊಡ್ಡವಳು.

ಮರುವರ್ಷ ಜೂನಿನಲ್ಲಿ ಮೌನಿಕಾಳನ್ನು ದಿಬ್ಬೂರಹಳ್ಳಿ ಸ್ಕೂಲಿಗೆ ಸೇರಿಸಲು ಹೋದಾಗ ಧನು ಅವಳ ಬ್ಯಾಗು ಹಿಡಿದುಕೊಂಡು ಬಿಡಲೇ ಇಲ್ಲ. ಮಾವ ಮೇಷ್ಟ್ರಿಗೆ ಹೇಳಿದರು, "ಇವಳನ್ನೂ ಬರ್ಕೊಳ್ಳಿ ಸಾಮಿ. ವಯಸ್ಸೇನು, ಕೊರಳಿಗೆ ಕಟ್ಕೊಂಡು ಬಂದಿದ್ದಾಳಾ?" ಮೇಷ್ಟ್ರು ನಕ್ಕು ಇಬ್ಬರಿಗೂ ಹುಟ್ಟಿದ ದಿನ ಅಂತ ಒಂದೇ ವರ್ಷದ ಜೂನ್ ಒಂದನೇ ತಾರೀಖು ಬರೆದುಕೊಂಡರು. ನಮ್ಮ ಕಡೆ ಅರ್ಧ ಊರು ಹುಟ್ಟಿರೋದೇ ಜೂನ್ ಒಂದಕ್ಕೆ. ನಾನು ಬೇಡ ಅನ್ನಲಿಲ್ಲ. ವರಲಕ್ಷ್ಮಿಗೆ ಮಾತು ಕೊಟ್ಟಿದ್ದೆನಲ್ಲ, ಒಳ್ಳೇದೇ ಆಯಿತು ಅಂದುಕೊಂಡೆ.

ಹಾಗೆ ಆರನೇ ಕ್ಲಾಸಿನವರೆಗೆ ಒಂದೇ ಬೆಂಚು.

ನನ್ನ ಗಂಡ ಸುನೀಲ್‌ಕುಮಾರ್ ಮೊದಲು ಮುದ್ದೇನಹಳ್ಳಿ ಹತ್ತಿರದ ಗುಲಾಬಿ ಪಾಲಿಹೌಸಿನಲ್ಲಿ ಸೂಪರ್‌ವೈಸರ್ ಆಗಿದ್ದರು. ನಾಲ್ಕು ವರ್ಷದಿಂದ ಕೀನ್ಯಾದಲ್ಲಿದ್ದಾರೆ, ನೈವಾಶಾ ಅನ್ನುವ ಊರಲ್ಲಿ. ಅಲ್ಲೂ ಗುಲಾಬಿಯೇ, ಅದೇ ಮುಳ್ಳು, ಅದೇ ಕತ್ತರಿ, ಹೂವು ಮಾತ್ರ ವಿಮಾನದಲ್ಲಿ ಬೇರೆ ದೇಶಕ್ಕೆ ಹೋಗುತ್ತೆ. ಈ ವರ್ಷ ಮ್ಯಾನೇಜರ್ ಮಾಡಿದರು. ಮನೆ ಕೊಡ್ತಾರೆ, ಹೆಂಡತಿ ಮಕ್ಕಳನ್ನ ಕರ್ಕೊಂಡು ಬರಬಹುದು, ಮಕ್ಕಳ ಓದು ಕಂಪನಿಯದು. ಆದರೆ ಕಂಪನಿ ಹೇಳಿದ ಸ್ಕೂಲುಗಳಲ್ಲೇ ಸೇರಿಸಬೇಕು. ಎರಡು ಸ್ಕೂಲು, ಎರಡೂ ಬ್ರಿಟಿಷ್ ಪದ್ಧತಿಯವು.

ಮನೆಯಲ್ಲಿ ನಾವು ಸಾಕುವ ರೇಷ್ಮೆ ಹುಳ ನಾಲ್ಕನೇ ಜ್ವರ, ಅಂದರೆ ಕಡೆಯ ಸಲ ಪೊರೆ ಬಿಡುವುದು, ಮುಗಿಸಿ ಎದ್ದಿದ್ದವು. ಆ ಹೊತ್ತಿನಲ್ಲಿ ಅವು ತಿನ್ನುವ ಸೊಪ್ಪಿಗೆ ಲೆಕ್ಕವೇ ಇಲ್ಲ. ನಾನು ಹಿಪ್ಪುನೇರಳೆ ಕೊಯ್ದು ಹೊರೆ ಹೊತ್ತು ಬಂದು ಹುಳದ ಮನೆಯಲ್ಲಿ ಹರಡುತ್ತಾ, ಹಸಿರು ಮೆತ್ತಿದ ಬೆರಳಲ್ಲೇ ಅವರು ಕಳಿಸಿದ ಫೋಟೋ ನೋಡುತ್ತಿದ್ದೆ. ಕೆಂಪು ಹೆಂಚಿನ ಕಟ್ಟಡ, ಹುಲ್ಲಿನ ಮೈದಾನ, ಟೈ ಕಟ್ಟಿದ ಮಕ್ಕಳು. ಎರಡೂ ಸ್ಕೂಲು ನನಗೆ ಒಂದೇ ಥರ ಕಂಡವು.

"ಒಂದೇ ಥರ ಅಲ್ಲ ಕಣೇ" ಅಂದರು ಫೋನಿನಲ್ಲಿ. "ಇಲ್ಲಿ ಮನೆ ಹತ್ರ ಇರೋದು ಇಯರ್ ಸಿಕ್ಸ್ ತನಕ ಅಷ್ಟೇ. ಇಯರ್ ಸೆವೆನ್‌ನಿಂದ ಇರೋದು ನೈರೋಬೀಲಿ. ಅಲ್ಲಿ ಬೋರ್ಡಿಂಗ್, ವಾರಕ್ಕೊಂದು ಸಲ ಮನೆಗೆ ಬರಬಹುದು."

"ನಮ್ಮೋರು ಇಬ್ರೂ ಆರನೇದು ತಾನೇ?"

"ಅವರಿಗೆ ನಮ್ಮ ಕ್ಲಾಸ್ ಬೇಡ. ಪಾಸ್‌ಪೋರ್ಟಲ್ಲಿರೋ ಹುಟ್ಟಿದ ದಿನ ನೋಡ್ತಾರೆ. ಆ ವಯಸ್ಸಿಗೆ ಆ ಇಯರ್, ಮುಗೀತು. ಮೌನಿ ಸೆವೆನ್, ಧನು ಸಿಕ್ಸ್."

ಪಾಸ್‌ಪೋರ್ಟಿಗೆ ನಾವು ಕೊಟ್ಟಿದ್ದು ಆಸ್ಪತ್ರೆಯ ಜನನ ಪತ್ರ. ಅದರಲ್ಲಿ ಜೂನ್ ಒಂದು ಇಲ್ಲ.

ಜಗುಲಿ ಮೇಲೆ ಕೂತಿದ್ದ ಮಾವನಿಗೆ ಅರ್ಧ ಕೇಳಿಸಿತ್ತು. "ಏಳಾ? ಪರೀಕ್ಷೇನೇ ಬರೀದೆ ದೊಡ್ಡವಳನ್ನ ಪಾಸ್ ಮಾಡಿದ್ರಾ? ಒಳ್ಳೇ ದೇಶ ಬಿಡಮ್ಮ."

"ಚಿಕ್ಕವಳನ್ನ ಹಿಂದಕ್ಕೆ ಹಾಕ್ತಾರೆ ಮಾವ."

"ಫಸ್ಟ್ ಬರೋ ಮಗೂನಾ? ಬುದ್ಧಿ ಲೇದಾ ವಾಳ್ಳಕಿ?" ಅವರಿಗೆ ಬುದ್ಧಿ ಇಲ್ವಾ ಅಂತ. ಸಿಟ್ಟು ಬಂದರೆ ಮಾವನಿಗೆ ತೆಲುಗೇ ಬರುವುದು. ಆಮೇಲೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಜಗುಲಿ ಇಳಿದರು. ಆ ತಾರೀಖು ಬರೆಸಿದ್ದು ಯಾರು ಅಂತ ಅವರಿಗೂ ನೆನಪಿತ್ತು.

ಒಂದು ದಾರಿ ಇತ್ತು. ಮೌನಿಕಾಳನ್ನು ಒಂದು ವರ್ಷ ಹಿಂದಕ್ಕೆ, ಇಯರ್ ಸಿಕ್ಸ್‌ಗೇ ಹಾಕಿ ಎಂದು ಕೇಳಬಹುದು. ಮನೆ ಹತ್ತಿರದ ಸ್ಕೂಲಿನವರು, ಮಕ್ಕಳ ಜೊತೆ ವಿಡಿಯೋದಲ್ಲಿ ಮಾತಾಡಿ ಆಮೇಲೆ ಹೇಳುತ್ತೇವೆ ಅಂದರಂತೆ. ಮರುವರ್ಷ ಇಬ್ಬರೂ ಒಟ್ಟಿಗೇ ಬೋರ್ಡಿಂಗಿಗೆ ಹೋಗಬಹುದು. ನನ್ನ ಮಾತು ಉಳಿಯುತ್ತೆ.

ನಮ್ಮ ಮನೆಯಲ್ಲಿ ನೆಟ್ ನಿಲ್ಲಲ್ಲ. ಶಿಡ್ಲಘಟ್ಟದಲ್ಲಿ ರಮೇಶ್‌ಬಾಬು ಅಂತ ಗುರುತಿನವರು, ಅವರ ಕಂಪ್ಯೂಟರ್ ಸೆಂಟರಿಗೆ ಕರೆದುಕೊಂಡು ಹೋದೆ. ಒಂದೇ ಕುರ್ಚಿಯಲ್ಲಿ ಇಬ್ಬರೂ ಕೂತರು. ಬೆಳ್ಳಿಕೂದಲಿನ ಒಬ್ಬ ಮೇಡಂ ಪರದೆ ಮೇಲೆ ಬಂದರು. ನಿಧಾನಕ್ಕೆ, ಬಿಡಿಸಿ ಬಿಡಿಸಿ ಮಾತಾಡುವ ಇಂಗ್ಲಿಷು.

ಮೌನಿಕಾಗೆ ನಿನಗೇನು ಇಷ್ಟ ಎಂದು ಕೇಳಿದರು. ಧನು, "ಮೌನಿ ಲೈಕ್ಸ್ ಡ್ರಾಯಿಂಗ್, ಮಿಸ್" ಅಂದಳು. ಯಾವ ಪುಸ್ತಕ ಓದಿದೀಯ ಅಂದರು. ಧನುವೇ ಹೇಳಿದಳು. ಮನೆಯಲ್ಲಿ ಏನು ಕೆಲಸ ಮಾಡ್ತೀಯ ಅಂದರು. ಮೌನಿಕಾ ಬಾಯಿ ತೆರೆದಳು. ಅಷ್ಟರಲ್ಲಿ ಧನು ಹುಳಕ್ಕೆ ಸೊಪ್ಪು ಹಾಕೋದನ್ನ ಹೇಳಿ ಮುಗಿಸಿದ್ದಳು. ಮೇಡಂ ನಕ್ಕು ಏನೋ ಬರೆದುಕೊಂಡರು. ನನಗೂ ಖುಷಿಯೇ ಆಯಿತು. ಎಷ್ಟು ಹೊಂದಿಕೊಂಡಿದಾವೆ ನೋಡು ಅಂತ.

ಆಮೇಲೆ ಮೇಡಂ, ದೊಡ್ಡವಳ ಜೊತೆ ಒಬ್ಬಳೇ ಮಾತಾಡಬೇಕು ಅಂದರು. ನಾನು ಧನುವನ್ನು ಹೊರಗೆ ಕೂರಿಸಿ ಬಾಗಿಲ ಹತ್ತಿರ ನಿಂತೆ.

ಮೌನಿಕಾ ಮೊದಲು ಧನು ಹೋದ ಬಾಗಿಲ ಕಡೆ ನೋಡಿದಳು. ಮೇಡಂ ಕಾದರು. ಆಮೇಲೆ ಶುರು ಮಾಡಿದಳು. ತಪ್ಪು ತಪ್ಪು ಇಂಗ್ಲಿಷು, ಆದರೆ ನಿಲ್ಲಿಸಲಿಲ್ಲ. ಗೂಡು ಕಟ್ಟೋ ಹುಳದ ಚಿತ್ರ ಬರೀತೀನಿ ಅಂದಳು. ಅದು ತಲೆ ಎಂಟರ ಥರ ತಿರುಗಿಸುತ್ತೆ ಅಂತ ಬೆರಳಲ್ಲಿ ಬರೆದು ತೋರಿಸಿದಳು. ಅವಳು ಅಷ್ಟು ಹೊತ್ತು ಮಾತಾಡಿದ್ದನ್ನ ನಾನು ನೋಡೇ ಇರಲಿಲ್ಲ.

ತಂಗಿಯ ಜೊತೆ ಇಯರ್ ಸಿಕ್ಸ್‌ನಲ್ಲಿ ಇರೋಕೆ ಇಷ್ಟಾನಾ ಎಂದು ಮೇಡಂ ಕೇಳಿದರು.

"ನೋ, ಮಿಸ್."

ಯಾಕೆ ಎಂದು ಕೇಳಲಿಲ್ಲ ಅವರು. ಥ್ಯಾಂಕ್ಯೂ ಅಂದರು. ರಮೇಶ್‌ಬಾಬು ನನ್ನ ಮುಖ ನೋಡಿ, "ಕಾಫಿ ತರಿಸಲೇನಕ್ಕ" ಅಂದರು. ಬೇಡ ಅಂದೆ.

ಬಸ್ಸಿನಲ್ಲಿ ಧನು ಮುಂದಿನ ಸೀಟಿನಲ್ಲಿ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದಳು. ನಾನು ಮೌನಿಕಾಳನ್ನು ಕೇಳಿದೆ.

"ಬೋರ್ಡಿಂಗ್‌ನಲ್ಲಿ ಒಬ್ಬಳೇ ಇರ್ತೀಯೇನೇ? ರಾತ್ರಿ ಬಚ್ಚಲಿಗೆ ಹೋಗೋಕೂ ಧನು ಬೇಕು ನಿಂಗೆ."

"ಅವಳು ಬರ್ತಾಳೆ ಅಂತ ಕರೀತೀನಿ. ಬರದೇ ಇದ್ರೆ ಒಬ್ಬಳೇ ಹೋಗ್ತೀನಿ."

"ಅವಳು ನಿನ್ನ ಏನಾದ್ರೂ ಅಂದ್ಲಾ?"

"ಇಲ್ಲಮ್ಮ. ಅವಳು ಒಳ್ಳೆಯವಳೇ." ಮುಂದಿನ ಸೀಟಿನ ಕಡೆ ನೋಡಿ ದನಿ ಇಳಿಸಿದಳು. "ಇಲ್ಲಿ ಮಿಸ್ ನನ್ನ ಹೆಸರು ಕರೆದ್ರೂ ಕ್ಲಾಸಲ್ಲಿ ಎಲ್ಲಾ ಧನು ಕಡೆ ನೋಡ್ತಾರೆ. ಚಿಕ್ಕೋಳಿಗೆ ಬರುತ್ತೆ, ನಿಂಗೆ ಬರಲ್ವಾ ಅಂತಾರೆ. ಅಲ್ಲೂ ಅದೇ ಬೇಡ ನಂಗೆ."

"ನಾನು ನಿಮ್ಮ ಚಿಕ್ಕಮ್ಮಂಗೆ ಮಾತು ಕೊಟ್ಟಿದೀನಿ ಕಣೇ, ಇಬ್ರನ್ನೂ ಬೇರೆ ಮಾಡಲ್ಲ ಅಂತ."

"ನನ್ನ ಕೇಳಿದ್ಯಾ?"

ಆಗ ಅವಳಿಗೆ ನಾಲ್ಕು ವರ್ಷ. ಯಾರು ಕೇಳುತ್ತಾರೆ?

ಎರಡು ದಿನಕ್ಕೆ ಸ್ಕೂಲಿನಿಂದ ಮೇಲ್ ಬಂತು. ಪಾಲಕರು ಒಪ್ಪಿದರೆ ಮೌನಿಕಾಗೆ ಇಯರ್ ಸಿಕ್ಸ್ ಕೊಡಬಹುದು, ಆದರೆ ಮಗುವಿಗೆ ಅದು ಒಳ್ಳೆಯದಲ್ಲ ಅಂತ ನಮ್ಮ ಅಭಿಪ್ರಾಯ, ತೀರ್ಮಾನ ನಿಮ್ಮದು ಎಂದಿತ್ತು. ಗಂಡನೂ ಅದನ್ನೇ ಅಂದರು. "ನೀನು ಹೇಳು. ಮಾತು ಕೊಟ್ಟೋಳು ನೀನು."

ಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾಗಿದ್ದವು. ಅವನ್ನು ಬಿದಿರಿನ ಚಂದ್ರಿಕೆಗೆ ಬಿಡುವ ಕೆಲಸ ಮುಗಿಸಿ, ಕೈಕಾಲು ತೊಳೆದು ಗೌರಿಬಿದನೂರಿಗೆ ಹೋದೆ. ಬಸ್ಸಿನಲ್ಲಿ ಅಳು ಬರುತ್ತೇನೋ ಅಂದುಕೊಂಡೆ, ಬರಲಿಲ್ಲ.

ವರಲಕ್ಷ್ಮಿ ಈಗ ಬ್ಲೌಸ್ ಹೊಲೆಯುತ್ತಾಳೆ. ನನ್ನ ಕಂಡು ಮೆಷಿನ್ನಿನಿಂದ ಎದ್ದಳು. "ಬಾ ಅಕ್ಕ. ಎಷ್ಟು ಸೊರಗಿದೀಯ. ಹುಳಾನೇ ನಿನ್ನ ತಿಂದ್ವಾ?" ನಾನು ನೀರು ಕುಡಿದು ಎಲ್ಲಾ ಹೇಳಿದೆ. ಸಿಕ್ಸು, ಸೆವೆನ್ನು, ಬೋರ್ಡಿಂಗು, ಮೌನಿಕಾ ಅಂದ ನೋ, ಅವಳ ಮಾತಿಗೇ ಒಪ್ಪೋಣ ಅಂತ ನಾನು ಅಂದುಕೊಂಡಿದ್ದು. ಏನೂ ಬಿಡಲಿಲ್ಲ.

ಅವಳು ಕೈಯಲ್ಲಿದ್ದ ಬಟ್ಟೆ ಮಡಚಿದಳು.

"ಆ ಒಂದು ಮಾತಿಗೇ ನಾನು ಬಿಟ್ಟು ಬಂದಿದ್ದು ಅಕ್ಕ."

"ಗೊತ್ತು."

"ಮೌನಿ ನಿನ್ನ ಹೊಟ್ಟೇಲಿ ಹುಟ್ಟಿದವಳು. ಅವಳು ಬೇಡ ಅಂದ್ಲು, ನೀನು ಕೇಳ್ದೆ. ಧನು ಬೇಡ ಅಂದಿದ್ರೆ ಕೇಳ್ತಿದ್ಯಾ?"

ಕೇಳ್ತಿದ್ದೆ ಅನ್ನುವ ಮಾತು ಬಾಯಿಗೆ ಬಂತು. ಹೌದೋ ಅಲ್ಲವೋ ನನಗೇ ಗೊತ್ತಾಗಲಿಲ್ಲ.

"ಧನು ನನ್ನ ಹತ್ರಾನೇ ಇರ್ತಾಳೆ ವರಾ. ಮನೇಲಿ. ದೂರ ಹೋಗೋಳು ಮೌನಿ."

"ಅವಳಿಗೆ ನೀನಿದ್ರೆ ಸಾಕಾ? ಅವಳಿಗೆ ಬೇಕಿರೋದು ಮೌನಿ." ಸೆರಗಲ್ಲಿ ಮುಖ ಒರೆಸಿಕೊಂಡಳು. "ಸರಿ ಬಿಡು. ಊಟ ಮಾಡ್ಕೊಂಡು ಹೋಗು. ಮುದ್ದೆ ಮಾಡಿದೀನಿ."

ತಿಂದೆ. ಅವಳು ಬಡಿಸಿದಳು, ಸಾರು ಇನ್ನೊಂದು ಸಲ ಹಾಕಿದಳು. ಹೊರಡುವಾಗ ಬಾಗಿಲವರೆಗೆ ಬರಲಿಲ್ಲ.

ಮರುದಿನ ಧನುವಿಗೆ ಹೇಳಿದೆ. ಅವಳು ಮೌನಿಕಾಳ ಜಡೆ ಹಾಕುತ್ತಿದ್ದಳು, ಮೌನಿಕಾ ಕನ್ನಡಿ ಹಿಡಿದು ಕೂತಿದ್ದಳು. ಸ್ಕೂಲಿನವರು ವಯಸ್ಸು ನೋಡಿ ಹೀಗೆ ಮಾಡಿದ್ದಾರೆ ಅಂದೆ. ಧನು ಜಡೆ ಬಿಡಲಿಲ್ಲ.

"ಶನಿವಾರ ಬರ್ತಾಳಾ?"

"ಬರ್ತಾಳೆ."

"ಅವಳಿಗೆ ಭಯ ಆಗುತ್ತಮ್ಮ ಅಲ್ಲಿ. ಅವಳಿಗೆ ಮಾತಾಡೋಕೆ ಬರಲ್ಲ."

ಮೌನಿಕಾ ಕನ್ನಡಿ ಕೆಳಗಿಟ್ಟಳು.

ಸಂಜೆ ಗಂಡನಿಗೆ ಫೋನ್ ಮಾಡಿ ಒಪ್ಪಿಗೆ ಕಳಿಸಿ ಅಂದೆ. ಧನುಶ್ರೀ ನೈವಾಶಾದಲ್ಲಿ, ಇಯರ್ ಸಿಕ್ಸ್. ಮೌನಿಕಾ ನೈರೋಬಿಯಲ್ಲಿ, ಇಯರ್ ಸೆವೆನ್, ಬೋರ್ಡಿಂಗ್. ಇಬ್ಬರನ್ನೂ ಬೇರೆ ಮಾಡಲ್ಲ ಎಂದು ವರಲಕ್ಷ್ಮಿಗೆ ಹೇಳಿದ್ದೆ. ಬೇರೆ ಮಾಡಿದೆ.