ಆವಿಗೆಗೆ ಹೊರಟಿದ್ದ ನೀಲದುಂಗುರ

ಮಡಕೆಯ ಮಣ್ಣೂ ನೀಲದ ಕಲ್ಲೂ ಒಂದೇ ತಾಯಿಯ ಮಕ್ಕಳು. ಎರಡೂ ಭೂಮಿಯ ಹೊಟ್ಟೆಯಿಂದಲೇ ಬಂದವು. ಒಂದನ್ನು ಭಗವಂತ ಎಲ್ಲರ ಕೈಗೆ ಎಟಕುವಂತೆ ಮೇಲೆ ಹರಡಿದ, ಇನ್ನೊಂದನ್ನು ಆಳದಲ್ಲಿ ಬಚ್ಚಿಟ್ಟ. ಮೊದಲನೆಯದರ ಗುಣವನ್ನು ಬೆರಳ ತುದಿಯಲ್ಲೇ ಅರಿತಿದ್ದ ಒಬ್ಬ ಕುಂಬಾರ, ಎರಡನೆಯದರ ವಿಷಯದಲ್ಲಿ ಹೇಗೆ ಎಡವಲಿದ್ದ, ಹೇಗೆ ಉಳಿದುಕೊಂಡ ಎಂಬುದನ್ನು ಕೂತು ಕೇಳಿ.

ಕುಂಬಾರನ ಹೆಂಡತಿಯ ಬೆರಳಲ್ಲಿ ನೀಲದ ಉಂಗುರವೊಂದಿತ್ತು. ಅತ್ತೆ ತಮ್ಮ ಬೆರಳಿನಿಂದ ತೆಗೆದು ಸೊಸೆಗೆ ತೊಡಿಸಿದ್ದು. ಅಂದಿನಿಂದ ಅವಳು ಅದನ್ನು ತೆಗೆದವಳಲ್ಲ. ಮಣ್ಣು ನಾದುವಾಗಲೂ, ತಿಗರಿಯ ಮೇಲೆ ಗಡಿಗೆಯ ಕತ್ತು ತೀಡುವಾಗಲೂ, ಪಾತ್ರೆ ಉಜ್ಜುವಾಗಲೂ ಅದು ಬೆರಳಲ್ಲೇ. ಹಿರಿಯರು ಕೊಟ್ಟದ್ದನ್ನು ಕಳಚಿಡುವುದು ಮರ್ಯಾದೆಯಲ್ಲ ಎಂಬುದು ಅವಳ ಲೆಕ್ಕ. ಈಚೆಗೆ ಗೆಣ್ಣು ಊದಿ ಉಂಗುರ ಕಚ್ಚತೊಡಗಿತು. ಸೋಪಿನ ನೊರೆ ಹಚ್ಚಿ, ಉಸಿರು ಬಿಗಿಹಿಡಿದು ಹೇಗೋ ಹೊರಗೆ ತೆಗೆದಳು. ಇನ್ನು ಇದು ದೊಡ್ಡ ಮಗಳಿಗೆ ಎಂದು ನಿಶ್ಚಯವಾಯಿತು.

ಆದರೆ ಮನೆಯಲ್ಲಿ ಹೆಣ್ಣುಮಕ್ಕಳು ಇಬ್ಬರು. ದೊಡ್ಡವಳು ಆಸ್ಪತ್ರೆಯಲ್ಲಿ ದಾದಿ, ಚಿಕ್ಕವಳು ಅಪ್ಪನ ಜೊತೆ ತಿಗರಿಯ ಕೆಲಸಕ್ಕೆ ಕೂತವಳು. ಒಬ್ಬಳಿಗೆ ಕೊಟ್ಟು ಇನ್ನೊಬ್ಬಳ ಮುಖ ನೋಡುವುದು ತಾಯಿಯಾದವಳಿಗೆ ಸಾಧ್ಯವೇ? ಚಿಕ್ಕವಳಿಗೂ ಅಂಥದೇ ಒಂದು ತಂದುಬಿಡೋಣ ಎಂದು ಕುಂಬಾರ ಒಡವೆ ಅಂಗಡಿಗೆ ನಡೆದ.

ಅಂಗಡಿಯಾತ ಮೊದಲು ಒಂದು ಪುಟ್ಟ ಕಲ್ಲಿನ ಉಂಗುರ ತೋರಿಸಿ, ಇದು ಬೆಂಕಿ ಕಾಣದ ಕಲ್ಲು, ಭೂಮಿಯಿಂದ ಬಂದ ಹಾಗೇ ಇದೆ, ಇಂಥವು ಅಪರೂಪ ಎಂದ. ಕುಂಬಾರ ಅದನ್ನು ಎರಡೇ ಬೆರಳಲ್ಲಿ ಹಿಡಿದು ಗಾಬರಿಯಿಂದ ಕೆಳಗಿಟ್ಟ. ಅವನ ಲೋಕದಲ್ಲಿ ಬೆಂಕಿ ಕಾಣದ್ದೆಲ್ಲ ಹಸಿ. ಹಸಿಯಾದದ್ದು ನೀರು ತಗುಲಿದರೆ ಕರಗುತ್ತದೆ.

"ಹಸಿ ಕಲ್ಲು ಬೇಡಪ್ಪ. ಮಗಳು ಕೈ ತೊಳೆದ್ರೆ ಬರೀ ಉಂಗುರ ಉಳಿಯುತ್ತೆ. ಚೆನ್ನಾಗಿ ಬೆಂದಿರೋದು ಕೊಡು."

ಅಂಗಡಿಯಾತ ನಗು ತಡೆದುಕೊಂಡು, ಹೊಳೆಹೊಳೆಯುವ ದಪ್ಪ ಕಲ್ಲಿನದೊಂದನ್ನು ಮುಂದಿಟ್ಟ. ಬೆಂಕಿ ಕಂಡಿದೆಯೇ ಎಂದು ಕೇಳಿದ್ದಕ್ಕೆ, ಕಂಡಿದೆ ಎಂದ. ಕೇಳಿದ್ದೂ ಅಷ್ಟೇ, ಹೇಳಿದ್ದೂ ಅಷ್ಟೇ. ಮನೆಯವರಿಗೆ ತೋರಿಸಿ, ಒಪ್ಪಿಗೆಯಾಗದಿದ್ದರೆ ಹಿಂದಕ್ಕೆ ತರಬಹುದು ಎಂಬ ಮಾತಿನ ಮೇಲೆ ಕುಂಬಾರ ಅದನ್ನು ಜೇಬಿಗಿಳಿಸಿದ.

ಕಿಟಕಿಯ ಹಲಗೆಯ ಮೇಲೆ ಎರಡೂ ಉಂಗುರಗಳನ್ನು ಪಕ್ಕಪಕ್ಕ ಇಟ್ಟಾಗ ಹೆಂಡತಿಯ ಮುಖ ಬಾಡಿತು. ಹೊಸದು ಕಣ್ಣು ಕುಕ್ಕುತ್ತಿತ್ತು. ಅತ್ತೆಯದು ಮಸಿ ಹಿಡಿದ ಲಾಂದ್ರದ ಗಾಜಿನಂತೆ ಮಂಕಾಗಿತ್ತು.

"ರೀ, ಯಾವುದು ಚೆಂದ ಅಂತ ನಮ್ಮನೆ ಬೆಕ್ಕಿಗೂ ಗೊತ್ತಾಗುತ್ತೆ. ದೊಡ್ಡವಳು ಬಾಯಿಬಿಟ್ಟು ಏನೂ ಅನ್ನಲ್ಲ. ಅದೇ ನನಗೆ ಸಂಕಟ. ಅಮ್ಮ ತಂಗಿಗೆ ಹೊಳೆಯೋದು ಕೊಟ್ಲು, ನನಗೆ ಹಳೇದು ದಾಟಿಸಿದ್ಲು ಅಂತ ಮನಸ್ಸಲ್ಲೇ ಇಟ್ಕೋತಾಳೆ."

ಕುಂಬಾರನಿಗೆ ಇದು ದೊಡ್ಡ ಸಮಸ್ಯೆಯೇ ಅಲ್ಲ. ನೀಲದ ಬಣ್ಣ ಏರಲೆಂದು ಕಲ್ಲನ್ನು ಕಾಯಿಸುತ್ತಾರೆಂದು ಅಂಗಡಿಯಲ್ಲಿ ಕಿವಿಗೆ ಬಿದ್ದಿತ್ತು. ಬೆಳಗ್ಗೆ ಹೇಗೂ ಆವಿಗೆಗೆ ಬೆಂಕಿ ಹಾಕುವುದಿದೆ. ನೂರು ಮಡಕೆ ಬೇಯುವ ಕಡೆ ಒಂದು ಉಂಗುರ ಹೆಚ್ಚಾದೀತೆ? ಒಂದು ಪುಟ್ಟ ಕುಡಿಕೆಯಲ್ಲಿ ಹಳೆಯ ಉಂಗುರವಿಟ್ಟು, ಮುಚ್ಚಳ ಹಾಕಿ, ಸುತ್ತ ಹಸಿಮಣ್ಣು ಮೆತ್ತಿದ. ಹೆಂಡತಿ ಒಮ್ಮೆ ಕುಡಿಕೆಯ ಕಡೆ ಕೈ ಚಾಚಿದಳು. ಆದರೂ ಬೆಂಕಿಯ ವಿಷಯದಲ್ಲಿ ಗಂಡ ತಪ್ಪಿದ್ದನ್ನು ಅವಳು ಕಂಡಿರಲಿಲ್ಲ. ದೇವರ ಮೇಲೆ ಭಾರ ಹಾಕಿ ಕೈ ಹಿಂದಕ್ಕೆ ತೆಗೆದಳು.

ದೇವರು ಕೆಲವೊಮ್ಮೆ ಹೂಜಿ ಕೊಳ್ಳುವವರ ರೂಪದಲ್ಲಿ ಬರುತ್ತಾನೆ. ಬೆಳಗ್ಗೆ ಕುಂಬಾರ ಆವಿಗೆಯ ಬಾಯಿಗೆ ಸೌದೆ ಜೋಡಿಸುತ್ತಿದ್ದಾಗ ಭೂತಗನ್ನಡಿ ಅಕ್ಕ ಬಂದಳು. ಅವಳು ಒಡವೆ ರಿಪೇರಿ ಮಾಡುವವಳು; ಭೂತಗನ್ನಡಿ ಸದಾ ಕೊರಳಲ್ಲಿ ತೂಗುವುದರಿಂದ ಆ ಹೆಸರು. ಕುಂಬಾರನ ಹೆಂಡತಿ ಇರುವ ಸ್ವಸಹಾಯ ಸಂಘದಲ್ಲಿ ಅವಳೂ ಒಬ್ಬಳು. ಹೂಜಿ ಆರಿಸುತ್ತಿದ್ದವಳ ಕಣ್ಣು ಮಣ್ಣು ಮೆತ್ತಿದ ಕುಡಿಕೆಯ ಮೇಲೆ ಬಿತ್ತು. ಇದೆಷ್ಟು ಮುದ್ದಾಗಿದೆ, ಬೆಂದ ಮೇಲೆ ನನಗೇ ಕೊಡಿ ಎಂದಳು.

"ಅದು ಮಾರೋದಲ್ಲ ಅಕ್ಕ, ಅದರೊಳಗೆ ನಮ್ಮತ್ತೆ ಇದಾರೆ" ಎಂದಳು ಕುಂಬಾರನ ಹೆಂಡತಿ. ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ವಿಷಯ ತಿಳಿದು, ಹಿಂದೆ ಸರಿದವಳು ಎರಡು ಹೆಜ್ಜೆ ಮುಂದೆ ಬಂದು ಕುಂಬಾರನ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡಳು.

"ಬೆಂಕಿ ಪಾಠ ನನಗೆ ಮಾಡ್ತೀಯೇನಕ್ಕ?" ಎಂದ ಕುಂಬಾರ.

"ಬೆಂಕಿ ಪಾಠ ನೀವೇ ಹೇಳಿ ಅಣ್ಣ. ಬೆಂದ ಹೂಜಿಗೆ ಹಸಿ ಹಿಡಿಕೆ ಅಂಟಿಸಿ ಮತ್ತೆ ಸುಡ್ತೀರಾ?"

"ಸುಡಲ್ಲ. ಕಿತ್ಕೊಂಡು ಬೀಳುತ್ತೆ."

"ಇದೂ ಹಾಗೇ. ಕಲ್ಲನ್ನ ಕಾಯಿಸೋದು ನಿಜ. ಆದ್ರೆ ಉಂಗುರಕ್ಕೆ ಕೂರಿಸೋಕೆ ಮುಂಚೆ, ಬರೀ ಕಲ್ಲನ್ನ, ಅದಕ್ಕೇ ಅಂತ ಇರೋ ಒಲೇಲಿ, ಗೊತ್ತಿರೋರು ಕಾಯಿಸ್ತಾರೆ. ನೀವು ಉಂಗುರಾನೇ ಹಾಕಿದ್ರೆ ಚಿನ್ನ ಸೊಟ್ಟಾಗುತ್ತೆ, ಕರಗಿದ್ರೂ ಕರಗಿತು. ಕಲ್ಲೊಳಗೆ ಸಣ್ಣ ಗೆರೆ ಇದ್ರೆ ಬಿರಿಯುತ್ತೆ. ಅತ್ತೆ ಕೊಟ್ಟಿದ್ದು ಬೂದೀಲಿ ಹುಡುಕಬೇಕಾಗುತ್ತೆ."

ಕುಂಬಾರ ಕುಡಿಕೆಯನ್ನು ತಂದು ಹೆಂಡತಿಯ ಮುಂದಿಟ್ಟ. ಹೆಂಡತಿಯೇ ಚಾಕುವಿನಿಂದ ಮೆತ್ತಿದ ಮಣ್ಣು ಕೆರೆದು ಮುಚ್ಚಳ ತೆಗೆದಳು.

ಅಕ್ಕ ತೊಳೆಯುವ ಮೊದಲು ನೋಡಿದಳು. ಭೂತಗನ್ನಡಿಯಲ್ಲಿ ಕಂಡದ್ದು ಬೇರೇನಲ್ಲ, ಕಲ್ಲಿನ ಹಿಂಬದಿಗೆ ಗಟ್ಟಿಯಾಗಿ ಕೂತ ಇದೇ ಮನೆಯ ಜೇಡಿಮಣ್ಣು. ಕಲ್ಲನ್ನು ಹಿಡಿದ ನಾಲ್ಕು ಕೊಕ್ಕೆಗಳಲ್ಲಿ ಒಂದು ಸವೆದು ಕಲ್ಲು ಅಲುಗಾಡುತ್ತಿತ್ತು. ನೀಲ ಬಹಳ ಗಟ್ಟಿ, ಮಣ್ಣಿನ ಮರಳು ಅದನ್ನು ಗೀರಲಾರದು. ಆದರೆ ಚಿನ್ನವನ್ನು ತೇಯುತ್ತದೆ ಎಂದು ಅವಳು ವಿವರಿಸಿದಳು. ಇನ್ನು ಕೆಲವು ದಿನ ಹೀಗೇ ನಾದಿದ್ದರೆ ಕಲ್ಲು ಯಾರದೋ ಮಡಕೆಯ ಗೋಡೆಯೊಳಗೆ ಸೇರಿರುತ್ತಿತ್ತು.

ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು, ಅದಕ್ಕೆ ಮೃದು ಸೋಪಿನ ನಾಲ್ಕು ಹನಿ. ಉಂಗುರ ಅದರಲ್ಲಿ ಸ್ವಲ್ಪ ಹೊತ್ತು ನೆನೆಯಿತು. ಆಮೇಲೆ ಎಳೆಮಕ್ಕಳ ಹಲ್ಲುಜ್ಜುವ ಮೆತ್ತನೆ ಬ್ರಷ್ಷಿನಿಂದ ಅಕ್ಕ ಹಿಂಬದಿಯನ್ನು ನವಿರಾಗಿ ತಿಕ್ಕಿದಳು. ನೀರು ಕೆಂಪಾಯಿತು. ಒಳ್ಳೆಯ ನೀರಲ್ಲಿ ಅದ್ದಿ, ಹತ್ತಿಬಟ್ಟೆಯಿಂದ ಒರೆಸಿ ಕಿಟಕಿಯ ಬೆಳಕಿಗೆ ಹಿಡಿದಾಗ, ಬಾಗಿಲಲ್ಲಿ ನಿಂತಿದ್ದ ದೊಡ್ಡ ಮಗಳು, ಇದು ಅಜ್ಜಿಯ ಉಂಗುರವೇ ಎಂದು ಕೇಳಿದಳು. ತಿಳಿನೀಲಿ ಬೆಳಕು ಒಳಗಿಂದ ಎದ್ದು ಬರುತ್ತಿತ್ತು.

ಈಗ ಹಳೆಯದೇ ಚೆಂದ ಕಂಡಿತು; ತಾಯಿಯ ಸಂಕಟ ಮಗ್ಗುಲು ಬದಲಿಸಿ ಚಿಕ್ಕವಳ ಕಡೆ ತಿರುಗಿತು. ಅಕ್ಕ ಹೊಸ ಉಂಗುರವನ್ನು ಕೈಗೆತ್ತಿಕೊಂಡು, ಬೆಳಕಿಗೆ ಓರೆಯಾಗಿ ಹಿಡಿದು ತುಂಬಾ ಹೊತ್ತು ನೋಡಿದಳು. ಆಮೇಲೆ ಭೂತಗನ್ನಡಿಯನ್ನು ಕುಂಬಾರನಿಗೆ ಕೊಟ್ಟಳು. ಅವನೂ ನೋಡಿದ. ಕಲ್ಲೊಳಗೆ ಬಿರುಕುಗಳ ಬಲೆ; ಬಣ್ಣವೆಲ್ಲ ಆ ಬಿರುಕುಗಳಲ್ಲೇ ಮಡುಗಟ್ಟಿತ್ತು. ನಡುನಡುವೆ ಗುಂಡನೆಯ ಗುಳ್ಳೆಗಳು. ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಸೀಳಿದ ಮಡಕೆಗೆ ಮೇಣವನ್ನೂ ಇಟ್ಟಿಗೆ ಪುಡಿಯನ್ನೂ ತುಂಬಿ, ಮೇಲೆ ಕೆಮ್ಮಣ್ಣು ಬಳಿದು ಮಾರುವವರನ್ನು ಅವನು ಕಂಡಿದ್ದ. ಅಂಥವರ ಜೊತೆ ಅವನು ವ್ಯಾಪಾರ ಮಾಡುತ್ತಿರಲಿಲ್ಲ. ತನ್ನ ಆವಿಗೆಯಲ್ಲಿ ಸೀಳಿದ ಮಡಕೆಯನ್ನು ತಾನೇ ಒಡೆದು ಹಾಕುತ್ತಿದ್ದ.

"ಇದಕ್ಕೆ ಮೇಣ ತುಂಬಿದಾರೆ" ಎಂದ, ತಗ್ಗಿದ ದನಿಯಲ್ಲಿ.

"ಮೇಣ ಅಲ್ಲಣ್ಣ, ಬಣ್ಣದ ಗಾಜು. ಬೆಂದ ಕಲ್ಲು ಬೇರೆ, ತುಂಬಿದ ಕಲ್ಲು ಬೇರೆ. ಬೆಂದಿರೋದು ದೋಷ ಅಲ್ಲ, ಹೆಚ್ಚಿನ ನೀಲಗಳು ಬೆಂದಿರೋವೇ. ಬೇಯದೇ ಇರೋದೂ ಕರಗಲ್ಲ, ಹೆದರಬೇಡಿ. ತುಂಬಿರೋದು ಮಾತ್ರ ನಿಂಬೆರಸ ತಗುಲಿದ್ರೆ, ಅಕ್ಕಸಾಲಿ ಕೊಂಚ ಬಿಸಿ ತಾಗಿಸಿದ್ರೆ ಕೆಡುತ್ತೆ. ಆದ್ರೂ ನನ್ನ ಕಣ್ಣೇ ಕೊನೇ ಮಾತಲ್ಲ. ರತ್ನ ಪರೀಕ್ಷೆ ಮಾಡೋ ಪ್ರಯೋಗಾಲಯದ ಪ್ರಮಾಣಪತ್ರ ಕೇಳಿ."

ಆವಿಗೆ ಅಂದು ತಡವಾಗಿ ಹೊತ್ತಿಕೊಂಡಿತು. ಮೊದಲು ಗಂಡ ಹೆಂಡತಿ ಅಕ್ಕನನ್ನು ಕರೆದುಕೊಂಡು ಅಂಗಡಿಗೆ ಹೋದರು. ಅಂಗಡಿಯಾತ ಜಗಳವಾಡಲಿಲ್ಲ; ಹೌದು, ಗಾಜು ತುಂಬಿದ್ದೇ, ನೀವು ಬೆಂಕಿ ಬಿಟ್ಟು ಇನ್ನೇನೂ ಕೇಳಲಿಲ್ಲವಲ್ಲ ಎಂದ. ಕೇಳದಿದ್ದರೂ ಹೇಳಬೇಕಾದ ಮಾತದು ಎಂದು ಅಕ್ಕ ಮುಖಕ್ಕೇ ಅಂದಳು. ಅವನು ತಲೆತಗ್ಗಿಸಿ ಉಂಗುರ ಹಿಂದಕ್ಕೆ ಪಡೆದ. ಈ ಸಲ ಕುಂಬಾರನ ಹೆಂಡತಿಯೇ ವಿಚಾರಿಸಿದಳು. ಇದು ಭೂಮಿಯಿಂದ ಬಂದದ್ದೋ ಕಾರ್ಖಾನೆಯಲ್ಲಿ ಮಾಡಿದ್ದೋ? ಇದಕ್ಕೆ ಏನೇನು ಮಾಡಿದ್ದೀರಿ? ಅದನ್ನು ಬರೆದುಕೊಡುತ್ತೀರಾ? ದೀಪದ ಕೆಳಗೆ ತೋರಿಸಿದ್ದನ್ನೆಲ್ಲ ಬಾಗಿಲಾಚೆಯ ಹಗಲ ಬೆಳಕಿಗೆ ಒಯ್ದು ನೋಡಿದಳು. ಅಲ್ಲಿ ಕೆಲವು ಕಪ್ಪಾದವು, ಕೆಲವು ಪೇಲವವಾದವು. ಒಂದು ಮಾತ್ರ ಒಳಗೂ ಹೊರಗೂ ನೀಲಿಯಾಗೇ ಇತ್ತು. ಚಿಕ್ಕ ಕಲ್ಲು, ಬೆಂದದ್ದು, ತುಂಬಿದ್ದಲ್ಲ, ಪ್ರಮಾಣಪತ್ರ ಜೊತೆಗಿತ್ತು. ಕಲ್ಲು ಇನ್ನೊಂದಿಷ್ಟು ದಪ್ಪ ಇದ್ದಿದ್ದರೆ ಎಂದು ಅವಳ ಬಾಯಿಂದ ಒಮ್ಮೆ ಬಂತು. ಕುಂಬಾರನೇ ಉತ್ತರ ಕೊಟ್ಟ: ಸೀಳಿದ ಗುಡಾಣಕ್ಕಿಂತ ಗಟ್ಟಿ ಕುಡಿಕೆ ವಾಸಿ ಕಣೇ.

ಸವೆದ ಕೊಕ್ಕೆಯನ್ನು ಅಕ್ಕ ಸರಿಮಾಡಿಕೊಟ್ಟ ಮೇಲೆ, ಒಂದು ಸಂಜೆ ತಾಯಿ ಇಬ್ಬರು ಮಕ್ಕಳ ಮುಂದೆ ಎರಡೂ ಉಂಗುರ ಇಟ್ಟಳು. ಯಾವುದು ಯಾರಿಗೆ ಎಂದು ಹೇಳಿ, ಇಬ್ಬರ ಮುಖವನ್ನೂ ನೋಡಿದಳು. ಹೆಣ್ಣುಮಕ್ಕಳು ಒಬ್ಬರದನ್ನೊಬ್ಬರು ತೊಟ್ಟು ನೋಡಿದರು, ಅದಲುಬದಲು ಮಾಡಿದರು, ಯಾರ ಬೆರಳು ದಪ್ಪ ಎಂದು ಒಬ್ಬರನ್ನೊಬ್ಬರು ಗೇಲಿ ಮಾಡಿದರು. ಕೊನೆಗೆ ಚಿಕ್ಕವಳು ಅಂದಳು:

"ಅಕ್ಕಂದು ಅಜ್ಜಿ ತೊಟ್ಟಿದ್ದು. ನಂದು ಅಮ್ಮ ಬಿಸಿಲಲ್ಲಿ ನಿಂತು ಆರಿಸಿದ್ದು. ಎರಡರಲ್ಲೂ ಸುಳ್ಳಿಲ್ಲ, ಸಾಕು."

ತಾಯಿಯ ಎದೆ ಹಗುರಾಯಿತು. ದೇವರ ಮೇಲೆ ಹಾಕಿದ್ದ ಭಾರವನ್ನು ಅವನು ಇಳಿಸಿಕೊಟ್ಟಿದ್ದ.

ಈ ಕಥೆ ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ನೀಲ ಇರಬಹುದು, ಅಥವಾ ನಾಳೆ ಕೊಳ್ಳಬಹುದು. ಕೊಳ್ಳುವಾಗ ಕಲ್ಲನ್ನು ಹಗಲ ಬೆಳಕಿಗೆ ತನ್ನಿ. ಏನು ತುಂಬಿದ್ದಾರೆ, ಏನು ಮಾಡಿದ್ದಾರೆ ಎಂದು ಬಾಯಿಬಿಟ್ಟು ಕೇಳಿ, ಬರೆಸಿಕೊಳ್ಳಿ. ಮಣ್ಣಿನ ಕೆಲಸಕ್ಕೋ ಪಾತ್ರೆಗೋ ಕೈ ಹಾಕುವ ಮುಂಚೆ ಉಂಗುರ ತೆಗೆದಿಡಿ. ಅದರಿಂದ ಹಿರಿಯರಿಗೆ ಅವಮರ್ಯಾದೆ ಆಗುವುದಿಲ್ಲ. ಇಡುವಾಗ ಮೆತ್ತನೆ ಬಟ್ಟೆಯ ಚೀಲದಲ್ಲಿ ಒಂಟಿಯಾಗಿಡಿ, ಇಲ್ಲದಿದ್ದರೆ ಅದು ಪಕ್ಕದ ಮುತ್ತನ್ನು ಗೀರುತ್ತದೆ. ಮಂಕಾದರೆ ಬೆಂಕಿ ಬೇಡ, ಹುಳಿ ಬೇಡ, ಬೂದಿ ಬೇಡ. ಬೆಚ್ಚನೆ ನೀರು, ಮೃದು ಸೋಪು, ಮೆತ್ತನೆ ಬ್ರಷ್ಷು ಸಾಕು. ವರ್ಷಕ್ಕೊಮ್ಮೆ ಕೊಕ್ಕೆಗಳನ್ನು ತಿಳಿದವರಿಗೆ ತೋರಿಸಿ. ಭೂಮಿತಾಯಿ ಇಷ್ಟು ಕಾಲ ಒಡಲಲ್ಲಿ ಜೋಪಾನ ಮಾಡಿದ್ದನ್ನು ನಮ್ಮ ಕೈಗಿತ್ತಿದ್ದಾಳೆ. ನಮ್ಮ ಪಾಲಿನ ಜೋಪಾನ ನಾವು ಮಾಡೋಣ.