ಅಮ್ಮ ಇಟ್ಟ ಹೆಸರು

"ಕತ್ತರಿ ಕೆಳಗಿಡೇ!" ಎಂದಳು ಸೋ ಯಿನ್. ಮರದ ಮೆಟ್ಟಿಲು ಹತ್ತಿ ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ. "ಅವಳ ಕಾಲಿಗೆ ಕಟ್ಟೋಕೆ ನಿನ್ನ ಕೂದಲು ಯಾಕೆ? ಒಡಹುಟ್ಟಿದವಳು ನಾನಿನ್ನೂ ಬದುಕಿದ್ದೀನಿ."

ಜಡೆಗೆ ಇಟ್ಟಿದ್ದ ಕತ್ತರಿಯನ್ನು ಮಾ ನ್ಯೋ ತೆಗೆದಳು. "ಹಾಗಲ್ಲ ಚಿಕ್ಕಮ್ಮ, ಹೊತ್ತಾಗುತ್ತೆ ಅಂತ..."

"ಚಿಕ್ಕಮ್ಮ! ಯಾರಿಗೆ ಚಿಕ್ಕಮ್ಮ ನಾನು? ನಿಮ್ಮಮ್ಮನ ಜೊತೆ ಹುಟ್ಟಿದ್ನಾ?"

ಆಗ್ನೆಸ್ ಟೀಚರಮ್ಮನ ಪ್ರಾಣ ಬೆಳಗಿನ ಜಾವ ಹೋಗಿತ್ತು. ಮರುದಿನ ಅಮಾವಾಸ್ಯೆ, ಆ ದಿನ ಹೆಣ ಮನೆಯಲ್ಲಿರಬಾರದು, ಎಲ್ಲ ಈ ಹೊತ್ತೇ ಮುಗಿಯಬೇಕು. ಸತ್ತವರ ಕಾಲಿನ ಹೆಬ್ಬೆರಳುಗಳನ್ನು ಮಕ್ಕಳ ಕೂದಲಿನಿಂದ ಕಟ್ಟುವುದು ಬರ್ಮೀಯರ ಪದ್ಧತಿ. ಆಗ್ನೆಸ್‌ಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಒಬ್ಬಳು ತಂಗಿ, ಉಪ್ಪುಮೀನಿನ ಅಂಗಡಿಯ ಸೋ ಯಿನ್. ಮತ್ತೆ ಈ ಮಾ ನ್ಯೋ, ಒಂದು ಕಾಲದ ಶಿಷ್ಯೆ, ಈಗ ಬಟ್ಟೆ ಹೊಲಿಯುವವಳು. ಟೀಚರಮ್ಮ ಕೊನೆಯ ವರ್ಷಗಳನ್ನೆಲ್ಲ ಕಳೆದದ್ದು ಇವಳ ಮನೆಯಲ್ಲೇ.

ಸೋ ಯಿನ್ ತನ್ನ ತುರುಬು ಬಿಚ್ಚಿ, ಒಂದು ಎಳೆ ಕತ್ತರಿಸಿ, ಅಕ್ಕನ ಹೆಬ್ಬೆರಳುಗಳಿಗೆ ಸುತ್ತಿ ಗಂಟು ಹಾಕಿದಳು. ನರೆತ ಕೂದಲು ಪಟ್ಟೆಂದು ತುಂಡಾಯಿತು. ಇನ್ನೊಮ್ಮೆ ಸುತ್ತಿದಳು. ಅದೂ ಹರಿಯಿತು.

ಓಣಿಯ ಸಾವುಗಳನ್ನೆಲ್ಲ ಮುಂದೆ ನಿಂತು ನಡೆಸುವ ಮುದುಕ ಊ ಫೋ ಸೀ ಬಾಗಿಲ ಬಳಿ ಕೂತು ಕಲ್ಲಂಗಡಿ ಬೀಜ ಬಿಡಿಸುತ್ತಿದ್ದ. "ಬಿಡು ತಾಯಿ, ಆ ಹುಡುಗೀದೇ ಕಟ್ಲಿ. ಅವಳದು ಗಟ್ಟಿಯಾಗಿದೆ," ಎಂದ.

ಮಾ ನ್ಯೋಳ ಕರಿಗೂದಲು ಒಂದೇ ಸುತ್ತಿಗೆ ನಿಂತಿತು. ಸೋ ಯಿನ್‌ಳ ಹೊಟ್ಟೆಯೊಳಗೆ ಯಾರೋ ಒಲೆ ಊದಿದಂತಾಯಿತು.

"ಅವಳನ್ನ ನಮ್ಮನೆಗೆ ಒಯ್ಯಿರಿ. ಅಲ್ಲಿಂದಲೇ ಎತ್ತಲಿ. ಅದು ನಮ್ಮಪ್ಪ ಕಟ್ಟಿದ ಮನೆ."

"ಹೆಣಾನ ಇನ್ನೊಂದು ಮನೆ ಮೆಟ್ಟಿಲು ಹತ್ತಿಸ್ತಾರೇನಮ್ಮ? ಇಷ್ಟು ವಯಸ್ಸಾಗಿ ಗೊತ್ತಿಲ್ವಾ?" ಎಂದ ಮುದುಕ.

ಗೊತ್ತಿತ್ತು. ಇನ್ನೊಂದೂ ಗೊತ್ತಿತ್ತು. ಹೆಣ ಬರದಿದ್ದರೇನು, ಜೀವ ಬರುತ್ತದೆ. ಮಣ್ಣು ಮಾಡಿದ ಮೇಲೆ ಆಪ್ತರೊಬ್ಬರು ಅಲ್ಲೇ ಒಂದು ಕೊಂಬೆ ಮುರಿದು, ಸತ್ತವರ ಹೆಸರು ಹಿಡಿದು ಕೂಗುತ್ತಾರೆ. ಚಿಟ್ಟೆಯಂತಹ ಆ ಜೀವ ಕೊಂಬೆಯ ಮೇಲೆ ಕೂತು ಮನೆಗೆ ಬರುತ್ತದೆ, ಏಳನೆಯ ದಿನ ಭಿಕ್ಷುಗಳು ಉಣ್ಣುವ ತನಕ ದಿಂಬಿನ ಮೇಲೆ ಇರುತ್ತದೆ. ಕರೆಯುವವರಿಲ್ಲದಿದ್ದರೆ ಗೋರಿಗಳ ನಡುವೆ ದಿಕ್ಕು ತಪ್ಪಿ ಅಲೆಯುತ್ತದೆ.

"ಹಾಗಿದ್ರೆ ಕೊಂಬೆ ನಾನು ಹಿಡೀತೀನಿ," ಎಂದಳು.

"ಕೊನೆಗಾಲಕ್ಕೆ ನೋಡ್ಕೊಂಡವರು ಹಿಡೀಬೇಕಮ್ಮ," ಎಂದ ಊ ಫೋ ಸೀ, ಸಿಪ್ಪೆ ಉಗುಳಿ. "ಅದು ನ್ಯಾಯ."

ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿತು. ದೋಣಿ ಕಚೇರಿಯ ಮೇನೇಜರು ಬಂದ. ಆಸ್ಪತ್ರೆಯ ನರ್ಸು ಬಂದಳು. ಹೊಟ್ಟೆ ಬಂದ ನ್ಯಾಯಾಧೀಶನೊಬ್ಬ ಬಂದು ಚಿಕ್ಕ ಹುಡುಗನಂತೆ ಗಳಗಳ ಅತ್ತ. ಎಲ್ಲರೂ ಟೀಚರಮ್ಮನ ಇಂಗ್ಲಿಷು ಕಲಿತವರು. ಎಲ್ಲರೂ ಮಾ ನ್ಯೋಳ ಬೆನ್ನು ಸವರಿ ಸಮಾಧಾನ ಹೇಳುವವರೇ. ಸೋ ಯಿನ್ ಮೂಲೆಯಲ್ಲಿ ಕೂತು ಬಂದವರಿಗೆ ಚಹಾ ಎಲೆಯ ಉಪ್ಪಿನಕಾಯಿ ಹಂಚುತ್ತಿದ್ದಳು.

"ನೀವೂ ಟೀಚರಾ, ಅಜ್ಜಿ?" ಎಂದು ನರ್ಸು ವಿನಯದಿಂದ ಕೇಳಿದಳು.

"ಅಲ್ಲಮ್ಮ, ಮೀನು. ನಾನು ಮೀನು ಮಾರೋಳು. ವಾಸನೆ ಬರ್ತಿಲ್ವಾ?"

*

ಅಪ್ಪ ಭತ್ತದ ದಲ್ಲಾಳಿ. ಬಿಳಿಯರ ಗಿರಣಿಯಲ್ಲಿ ಒಮ್ಮೆ ಯಾರೋ ಕೈಗಿತ್ತ ಕಾಗದವನ್ನು ತಲೆಕೆಳಗಾಗಿ ಹಿಡಿದು ಓದುವವನಂತೆ ನಟಿಸಿ, ಗುಮಾಸ್ತರ ಎದುರು ನಗೆಪಾಟಲಾಗಿದ್ದ. ಅಂದೇ ಹಟ ಹಿಡಿದ: ಒಬ್ಬ ಮಗಳಿಗಾದರೂ ಇಂಗ್ಲಿಷು ಬರಬೇಕು. ಇಬ್ಬರಿಗೂ ಕಲಿಸುವ ತ್ರಾಣವಿರಲಿಲ್ಲ. ದೊಡ್ಡವಳು ರಂಗೂನಿನ ಕ್ರೈಸ್ತ ಸನ್ಯಾಸಿನಿಯರ ಶಾಲೆಗೆ ಹೋದಳು. ಚಿಕ್ಕವಳು ಅಮ್ಮನ ಸೆರಗಿನಲ್ಲೇ ಉಳಿದಳು.

ಸೋ ಯಿನ್‌ಳ ಶಾಲೆ ಕಂಬಗಳ ಮೇಲೆ ಕಟ್ಟಿದ ಪಕ್ಕದ ಮನೆಯ ಕೆಳಗೆ, ಕೋಳಿಗಳ ನಡುವೆ ನಡೆಯುತ್ತಿತ್ತು. ಒಬ್ಬ ಮುದುಕಿ ಬೆತ್ತ ಹಿಡಿದು ಒಂದೊಂದೇ ಅಕ್ಷರ ಕೂಗುವಳು, ಹುಡುಗಿಯರೆಲ್ಲ ಗಂಟಲು ಹರಿಯುವಂತೆ ಹಿಂದಿನಿಂದ ಕೂಗುವರು. ಓದು, ಲೆಕ್ಕ, ಬುದ್ಧನ ಸ್ತೋತ್ರ, ಎಲ್ಲವೂ ಹೀಗೇ. ಸದ್ದು ನಿಂತರೆ ಕಲಿಕೆ ನಿಂತಿತೆಂದು ಬೀದಿಯವರು ತಿಳಿಯುತ್ತಿದ್ದರು.

ಮೊದಲ ರಜೆಗೆ ಅಕ್ಕ ದೋಣಿಯಿಂದ ಇಳಿದಳು. ಕಾಲಲ್ಲಿ ಕರಿ ಶೂ. ಹೆಸರು ಆಗ್ನೆಸ್ ಆಗಿತ್ತು. ಊಟಕ್ಕೆ ಕೂತಾಗ ಅಪ್ಪ ತನಗೆ ಬರುವ ನಾಲ್ಕು ಇಂಗ್ಲಿಷು ಮಾತು ಎಸೆಯುವನು, ಅವಳು ಪಟಪಟನೆ ಉತ್ತರ ಕೊಡುವಳು, ಅರ್ಥವಾಗದೆಯೇ ಅಪ್ಪ ತೊಡೆ ತಟ್ಟಿ ನಗುವನು. ಸೋ ಯಿನ್ ನೂರು ಸಾಲು ಸ್ತೋತ್ರ ತಪ್ಪಿಲ್ಲದೆ ಒಪ್ಪಿಸಿದರೂ ಆ ನಗು ಅವಳ ಪಾಲಿಗೆ ಒಂದು ದಿನವೂ ಬಂದಿರಲಿಲ್ಲ.

ಮನೆಯ ಹಿಂದೆ ಅಕ್ಕ ಅವಳ ಕೈ ಹಿಡಿದು ಬೇಡಿಕೊಂಡಳು. "ಅಲ್ಲಿ ಯಾರಿಗೂ ನನ್ನ ಹಳೇ ಹೆಸರು ಗೊತ್ತಿಲ್ಲ ಕಣೇ. ಯಾರ ಮುಂದೇನೂ ಎತ್ತಬೇಡ. ನಿನ್ನ ದಮ್ಮಯ್ಯ."

ಹಳೆಯ ಹೆಸರು ಮಿ ಮೆ. ಕರಿ ಹುಡುಗಿ ಎಂದರ್ಥ. ಮುಂಚೆ ಹುಟ್ಟಿದ ಎರಡು ಕೂಸುಗಳು ಕಣ್ಣುಮುಚ್ಚಿದ್ದರಿಂದ, ಸಾವು ತಿರುಗಿಯೂ ನೋಡದಿರಲೆಂದು ಅಮ್ಮ ಇಟ್ಟಿದ್ದ ಕುರೂಪದ ಹೆಸರು.

"ಶೂ ಹಾಕ್ಕೊಳ್ಳೋಕೆ ಕೊಡು, ಹೇಳಲ್ಲ," ಎಂದಳು ಸೋ ಯಿನ್.

ಹಾಕಿಕೊಂಡಳು. ಬಹಳ ದೊಡ್ಡದಾಗಿತ್ತು. ಕಳಚಿಟ್ಟು ಒಳಗೆ ಹೋದಳು. ಮಾತು ಮಾತ್ರ ಉಳಿಸಿಕೊಂಡಳು. ಅಪ್ಪ ಅಮ್ಮ, ಬೀದಿಯ ಹಿರಿಯರೆಲ್ಲ ಹೋದ ಮೇಲೆ ಆ ಹೆಸರು ಬಲ್ಲವಳು ಭೂಮಿಯ ಮೇಲೆ ಅವಳೊಬ್ಬಳೇ ಉಳಿದಳು.

*

ಸರ್ಕಾರ ಮಿಷನ್ ಶಾಲೆಗಳನ್ನೆಲ್ಲ ವಶಕ್ಕೆ ತೆಗೆದುಕೊಂಡ ವರ್ಷ, ಇನ್ನು ಪಾಠವೆಲ್ಲ ಬರ್ಮೀ ಭಾಷೆಯಲ್ಲೇ ಎಂದು ಹುಕುಂ ಬಂತು. ಒಂದು ಸಂಜೆ, ಊರ ಮಿಷನ್ ಶಾಲೆಯಲ್ಲಿ ಟೀಚರಾಗಿ ಅಲ್ಲೇ ಉಳಿದುಕೊಂಡಿದ್ದ ಆಗ್ನೆಸ್ ಮೀನಂಗಡಿಯ ಮುಂದೆ ಕೊಡೆ ಮಡಿಸಿ ನಿಂತಳು. ತಲೆ ಅರ್ಧ ನರೆತಿತ್ತು.

"ಸೋ ಯಿನ್, ನನಗೆ ನಮ್ಮ ಭಾಷೆ ಓದೋಕೆ ಬರೆಯೋಕೆ ಸರಿಯಾಗಿ ಬರಲ್ಲ ಕಣೇ. ಅರ್ಜಿ ಬರೆದ್ರೆ ಹುಡುಗರು ನಗ್ತಾರೆ. ಕಲಿಸ್ತೀಯಾ?"

ಇಂಥ ದಿನ ಬರಲೆಂದು ಸೋ ಯಿನ್ ಕನಸಲ್ಲೂ ಬೇಡಿರಲಿಲ್ಲ. ಬಂದ ಮೇಲೆ ಬಿಟ್ಟಾಳೆ? ಮಹಡಿಯ ಮೇಲೆ ಬಾಗಿಲು ಹಾಕಿ ಕಲಿಸಬಹುದಿತ್ತು. ಮನೆಯ ಕೆಳಗೆ, ಬೀದಿಗೆ ಮುಖಮಾಡಿ ಕೂರಿಸಿದಳು. ತಾನು ಕೂಗಿದಳು, ಅಕ್ಕನಿಂದ ಕೂಗಿಸಿದಳು. ಬೆತ್ತವನ್ನೂ ಹಿಡಿದಳು.

"ಏನ್ ಟೀಚರಮ್ಮ, ಒಂದನೇ ಕ್ಲಾಸಾ?" ಎಂದು ಹೋಗಿಬರುವವರು ಕೆಣಕಿದರು.

"ಹೌದಪ್ಪ, ಟೀಚರು ಬಹಳ ಜೋರು!" ಎಂದು ಆಗ್ನೆಸ್ ನಕ್ಕು ಇನ್ನೂ ಗಟ್ಟಿಯಾಗಿ ಕೂಗಿದಳು.

ಒಂದು ಸಂಜೆ ಸ್ತೋತ್ರದ ಪಾಠ. ಅಕ್ಕ ನಡುವೆ ನಿಂತುಬಿಟ್ಟಳು. "ಅಮ್ಮ ಸಾಯೋವಾಗ ಇದನ್ನೇ ಹೇಳು ಅಂದಿದ್ಲು. ನನ್ನ ಕೈಲಿ ಒಂದು ಸಾಲೂ ಆಗ್ಲಿಲ್ಲ. ನೀನು ಹೇಳಿದೆ. ನಿನ್ನ ಕಡೆ ತಿರುಗಿ ಕಣ್ಣು ಮುಚ್ಚಿದ್ಲು. ನಿನಗೆ ಅಮ್ಮ ಸಿಕ್ಕಿದ್ಲು ಕಣೇ. ನನಗೆ ಶೂ ಸಿಕ್ತು."

ಅವಳಿಗೂ ಹೊಟ್ಟೆ ಉರಿದಿತ್ತು! ಸೋ ಯಿನ್ ಆ ರಾತ್ರಿ ಹೊಟ್ಟೆ ತುಂಬ ಉಂಡಳು. ಮಾರನೆಯ ಸಂಜೆ ಉತ್ಸಾಹ ಹೆಚ್ಚಾಯಿತು. ತಪ್ಪಿದ ಅಕ್ಷರಕ್ಕೆ ಬೆತ್ತ ಬೀಸಿದಳು. ಅಕ್ಕನ ಬೆರಳ ಗೆಣ್ಣಿನ ಚರ್ಮ ಕಿತ್ತುಬಂತು. ಆಗ್ನೆಸ್ ಹಲಗೆ ಒರೆಸಿಟ್ಟು ಎದ್ದು ಹೋದಳು.

ಮರಳಿ ಬರಲಿಲ್ಲ. ಶಿಷ್ಯೆಯೊಬ್ಬಳು ಅವಳಿಗೆ ಬರವಣಿಗೆ ಕಲಿಸುತ್ತಿದ್ದಾಳೆಂದು ಸಂತೆಯಲ್ಲಿ ಸುದ್ದಿಯಾಯಿತು. ಮಾ ನ್ಯೋ ಅಂತೆ. ಹೊಲಿಗೆಯವಳಂತೆ. ಕೆಲಸದಿಂದ ನಿವೃತ್ತಳಾದ ದಿನ ಆಗ್ನೆಸ್ ತನ್ನ ಪೆಟ್ಟಿಗೆ ಹೊತ್ತು ಅವಳ ಮನೆಗೇ ಹೋದಳು. ಅಪ್ಪ ಕಟ್ಟಿದ ಮನೆಯ ಮೆಟ್ಟಿಲು ಹಬ್ಬಕ್ಕೊಮ್ಮೆ ಹತ್ತಿ ಇಳಿಯುವಳು, ಅಷ್ಟೇ. ಸೋ ಯಿನ್ ಪ್ರತಿ ಹಬ್ಬಕ್ಕೂ ಒಂದು ಹಾಸಿಗೆ ಒಗೆದು ಸಿದ್ಧವಿಡುತ್ತಿದ್ದಳು. ಇರು ಎಂದು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

*

ಹೆಣದ ಪೆಟ್ಟಿಗೆ ಬಾಗಿಲು ದಾಟುವಾಗ ನೀರಿನ ಮಡಕೆ ಒಡೆದರು. ಊರಾಚೆ, ಐರಾವತಿಯ ದಂಡೆಯ ಹುಣಿಸೆಮರಗಳ ಕೆಳಗೆ ಗುಂಡಿ ತೋಡಿತ್ತು. ಭಿಕ್ಷು ಬುದ್ಧನಿಗೆ ಶರಣು ಹೋಗುವ ಮಾತು ಹೇಳಿಕೊಟ್ಟರು, ನೆರೆದವರು ಒಂದೇ ದನಿಯಲ್ಲಿ ಹಿಂದೆ ಹೇಳಿದರು. ಮಣ್ಣು ಬಿತ್ತು. ಹೊತ್ತು ನದಿಯ ಕಡೆ ಇಳಿಯುತ್ತಿತ್ತು.

ಮಾ ನ್ಯೋ ಹುಣಿಸೆಯ ಕೊಂಬೆಯೊಂದನ್ನು ಮುರಿದುಕೊಂಡು, ಕಣ್ಣೊರೆಸಿ ಕೂಗಿದಳು. "ಟೀಚರ್, ಮನೆಗೆ ಬನ್ನಿ."

"ಯಾವ ಟೀಚರು?" ಎಂದ ಊ ಫೋ ಸೀ. "ಈ ಮಣ್ಣಲ್ಲಿ ಮಲಗಿರೋ ಟೀಚರುಗಳು ಒಬ್ರಾ ಇಬ್ರಾ? ಎಲ್ರೂ ಎದ್ದು ಬಂದ್ರೆ ಎಲ್ಲಿ ಮಲಗಿಸ್ತೀಯಾ? ಹೆಸರು ಹಿಡಿದು ಕರಿ."

"ಆಗ್ನೆಸ್ ಟೀಚರ್..."

"ಅದು ಬಿಳಿ ಸನ್ಯಾಸಿನೀರು ಇಟ್ಟಿದ್ದು. ಜೀವ ಮೊದಲು ಓಗೊಟ್ಟ ಹೆಸರು ಬೇಕು. ತಾಯಿ ಇಟ್ಟಿದ್ದು."

ಮಾ ನ್ಯೋ ನೆರೆದವರ ಕಡೆ ತಿರುಗಿದಳು. ನ್ಯಾಯಾಧೀಶ ನರ್ಸಿನ ಮುಖ ನೋಡಿದ, ನರ್ಸು ಮೇನೇಜರನ ಮುಖ ನೋಡಿದಳು. ಅಷ್ಟು ಓದಿದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆಮೇಲೆ ಎಲ್ಲರ ಕಣ್ಣೂ ಸೋ ಯಿನ್‌ಳ ಮೇಲೆ ಬಿತ್ತು.

ಅವಳು ಅಡಿಕೆ ಜಗಿಯುತ್ತಿದ್ದಳು. ನಿಧಾನವಾಗಿ ಉಗಿದಳು. ಇಡೀ ಜನ್ಮದಲ್ಲಿ ಇಷ್ಟು ಜನ ಅವಳ ಬಾಯಿಗೆ ಕಾದು ನಿಂತಿರಲಿಲ್ಲ.

"ನಿನಗೆ ಗೊತ್ತಿರಬೇಕಲ್ಲಮ್ಮ?" ಎಂದ ಊ ಫೋ ಸೀ.

"ಗೊತ್ತು. ಹೇಳಲ್ಲ."

"ಅಯ್ಯೋ, ಇದೆಂಥ ಹಟ! ಹೊತ್ತು ಮುಳುಗ್ತಾ ಇದೆ."

"ಕೊಂಬೆ ನನ್ನ ಕೈಗೆ ಬರ್ಲಿ, ಕರೀತೀನಿ. ನನ್ನ ಮನೆಗೆ ಕರೀತೀನಿ."

"ಮುದುಕಿಗೆ ಹೊಟ್ಟೆಕಿಚ್ಚು ನೋಡು," ಎಂದು ಹಿಂದಿನಿಂದ ಯಾರೋ ಗೊಣಗಿದರು.

"ಹೌದು, ಹೊಟ್ಟೆಕಿಚ್ಚೇ!" ಸೋ ಯಿನ್ ತಿರುಗಿದಳು. "ನಿಮಗೆಲ್ಲ ಅವಳು ದಿನಾ ಸಿಕ್ಕಿದ್ಲು. ನನಗೆಷ್ಟು ಸಿಕ್ಕಿದ್ಲು? ಏಳು ದಿನ ಇರ್ಲಿ. ಏಳೇ ದಿನ."

ಮಾ ನ್ಯೋ ಕೊಂಬೆಯನ್ನು ಎದೆಗೊತ್ತಿಕೊಂಡು ನಿಂತಿದ್ದಳು. ನದಿಯ ಕಡೆ ನೋಡಿದಳು. ಬಿಸಿಲು ಮರದ ತುದಿಯಲ್ಲಷ್ಟೇ ಉಳಿದಿತ್ತು. ಹತ್ತಿರ ಬಂದು ಎರಡೂ ಕೈಯಲ್ಲಿ ಕೊಂಬೆ ನೀಡಿದಳು.

"ತಗೊಳ್ಳಿ ಚಿಕ್ಕಮ್ಮ. ನಿಮ್ಮನೆಗೇ ಕರ್ಕೊಂಡು ಹೋಗಿ. ಇಲ್ಲಿ ಮಾತ್ರ ಬಿಡೋದು ಬೇಡ. ಅವರಿಗೆ ಕತ್ತಲು ಅಂದ್ರೆ ಆಗಲ್ಲ. ದೀಪ ಹಚ್ಚಿಟ್ಟೇ ಮಲಗಿಸಿ."

ಕತ್ತಲಿಗೆ ಹೆದರಿ ಅಕ್ಕ ತನ್ನ ಸೊಂಟಕ್ಕೆ ಕಾಲು ಹಾಕಿ ಮಲಗುತ್ತಿದ್ದುದು ಸೋ ಯಿನ್‌ಗೆ ನೆನಪಿತ್ತು. ಅದು ಇವಳಿಗೂ ಗೊತ್ತು! ಕೊಂಬೆಯನ್ನು ಕಿತ್ತುಕೊಳ್ಳುವವಳಂತೆ ತೆಗೆದುಕೊಂಡಳು. ಹಸಿಮಣ್ಣಿನ ಮೇಲೆ ಬಾಗಿ ಹೆಸರನ್ನು ಪಿಸುಗುಟ್ಟಿದಳು.

"ಪಿಸುಪಿಸು ಅಂದ್ರೆ ಸತ್ತವರಿಗೆ ಕೇಳುತ್ತೇನಮ್ಮ?" ಎಂದ ಊ ಫೋ ಸೀ. "ಗಟ್ಟಿಯಾಗಿ."

ಗಟ್ಟಿಯಾಗಿ ಕೂಗಿದರೆ ಎಲ್ಲರಿಗೂ ಕೇಳುತ್ತದೆ. ತನ್ನದೆಂದು ಉಳಿದಿದ್ದ ಒಂದೇ ಒಂದೂ ಹೋಗುತ್ತದೆ. ಸೋ ಯಿನ್ ನೆಟ್ಟಗಾಗಿ ಸೊಂಟಕ್ಕೆ ಕೈಯಿಟ್ಟು, ಸಂತೆಯಲ್ಲಿ ಮೀನು ಕೂಗುವ ಗಂಟಲಿನಲ್ಲಿ ಕೂಗಿದಳು.

"ಮಿ ಮೆ! ಮನೆಗೆ ಬಾ!"

ಕರಿ ಹುಡುಗಿ! ಯಾರೂ ನಗಲಿಲ್ಲ. ಆಮೇಲೆ ಅವಳ ಬೆನ್ನ ಹಿಂದೆ ನ್ಯಾಯಾಧೀಶ, ನರ್ಸು, ಮೇನೇಜರು, ಅಷ್ಟೂ ಜನ, ಎಳವೆಯ ಅಭ್ಯಾಸಬಲದಿಂದ, ಒಂದೇ ದನಿಯಲ್ಲಿ ಕೂಗಿದರು.

"ಮಿ ಮೆ! ಮನೆಗೆ ಬಾ!"

ಸೋ ಯಿನ್ ಬೆಚ್ಚಿ ತಿರುಗಿದಳು. ನಿಮಗ್ಯಾರು ಕೂಗಿ ಅಂದ್ರು ಎಂದು ಬಾಯಿಗೆ ಬಂತು. ಕೊಂಬೆ ಎತ್ತಿ ಹಿಡಿದು ಮುಂದೆ ನಡೆದಳು. ಕಾಲುವೆಯ ಸೇತುವೆಯ ಮೇಲೆ ಜೀವ ಹಿಂದೆ ಉಳಿಯಬಾರದೆಂದು ಮತ್ತೆ ಕೂಗಿದಳು. ಹಿಂದೆ ಇಡೀ ತರಗತಿ ಕೂಗಿತು. ಅಕ್ಕಿ ಗಿರಣಿಯ ಮೂಲೆಯಲ್ಲೂ ಹಾಗೇ. ಮನೆಗಳಿಂದ ಜನ ಇಣುಕಿದರು.

ದಾರಿ ಕವಲೊಡೆಯುವಲ್ಲಿ ಹೊಲಿಗೆಯವಳ ಮನೆ ಬಲಕ್ಕೆ, ಅಪ್ಪನ ಮನೆ ಎಡಕ್ಕೆ. ಸೋ ಯಿನ್ ಎಡಕ್ಕೆ ತಿರುಗಿ ಕೂಗಿದಳು. ಎಲ್ಲರೂ ಕೂಗಿದರು. ಮಾ ನ್ಯೋ ಮಾತ್ರ ಕವಲಿನಲ್ಲೇ ಬಾಯಿ ಮುಚ್ಚಿಕೊಂಡು ನಿಂತುಬಿಟ್ಟಿದ್ದಳು.

"ಏನೇ, ನಿನಗೇನಾಯ್ತು? ಬಾಯಿ ಬಿದ್ದು ಹೋಯ್ತಾ?"

"ಟೀಚರ್ ಹೆಸರು ಹಿಡಿದು ಹೆಂಗೆ ಕರೀಲಿ ಚಿಕ್ಕಮ್ಮ? ನಾಲಿಗೆ ಏಳಲ್ಲ."

"ನಾನು ಹೇಳಿಕೊಡ್ತೀನಿ. ಹೇಳು. ಮಿ ಮೆ."

"ಮಿ ಮೆ..."

"ಇರುವೆಗೂ ಕೇಳಿಸ್ಲಿಲ್ಲ." ಸೋ ಯಿನ್‌ಳ ಕೈಯಲ್ಲಿದ್ದ ಕೊಂಬೆ ತಾನಾಗಿ ಮೇಲೆದ್ದಿತು, ಹಿಂದೆ ಬೆತ್ತ ಎದ್ದಂತೆಯೇ. ಮಾ ನ್ಯೋ ಕಣ್ಣು ಮುಚ್ಚಿಕೊಂಡಳು. ಎಲೆಗಳು ನಡುಗಿದವು. ಸೋ ಯಿನ್ ಅದನ್ನು ನೋಡಿದಳು.

"ಜೋರಾಗಿ ಹೇಳು, ಕತ್ತಲಾಯ್ತು," ಎಂದಳು, ಕೊಂಬೆಯನ್ನಿಳಿಸಿ ಅದರ ಇನ್ನೊಂದು ತುದಿಯನ್ನು ಅವಳ ಕೈಗೆ ಕೊಡುತ್ತ.